ತಾತನ ತೋಡಿ ಮತ್ತು ನನ್ನ ಸರ್ಟಿಫಿಕೇಟು

ನನ್ನ ಹತ್ತಿರ ವಿಶಾಖಪಟ್ಟಣದ ಸಂಗೀತ ಚರಿತ್ರೆಯ ಸರ್ಟಿಫಿಕೇಟು ಇದೆ. ನಗಬೇಡಿ, ನಿಜವಾಗಿಯೂ ಇದೆ. ಕಾಲೇಜಿನ ಮೊಹರು, ಪ್ರಿನ್ಸಿಪಾಲರ ಹಸಿರು ಶಾಯಿಯ ಸಹಿ, ಮೊದಲ ದರ್ಜೆ ಅಂತ ದಪ್ಪಕ್ಷರ ಬೇರೆ. ನನಗೆ ಹಾಡಲು ಬರುವುದಿಲ್ಲ, ಒಂದು ವಾದ್ಯವನ್ನೂ ಮುಟ್ಟಿ ಗೊತ್ತಿಲ್ಲ, ಮಕ್ಕಳಿಗೆ ಜೋಗುಳ ಹಾಡಿದರೆ ಬರುತ್ತಿದ್ದ ನಿದ್ದೆಯೂ ಹಾರಿಹೋಗುತ್ತಿತ್ತು. ಆದರೂ ಚರಿತ್ರೆಯಲ್ಲಿ ನಾನು ಪಾಸು. ಹೇಗೆ ಪಾಸಾದೆ ಅನ್ನುವುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ನೆಟ್ಟಗೆ ಹೇಳಿಲ್ಲ. ಕೇಳಿದವರಿಗೆ ನಮ್ಮ ಮೇಷ್ಟ್ರ ತಮಾಷೆಗಳನ್ನಷ್ಟೇ ಹೇಳಿ, ನಗಿಸಿ, ಕಾಫಿ ಕೊಟ್ಟು ಕಳಿಸಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ನೌಕಾಪಡೆಯಲ್ಲಿ ಹಡಗಿನ ಎಂಜಿನ್ ರೂಮಿನ ಮೆಕ್ಯಾನಿಕ್. ನಾವು ಹಾಸನದ ಕಡೆಯವರು. ಅಮ್ಮ ಕ್ವಾರ್ಟರ್ಸಿನ ಎರಡು ಕೋಣೆಯೊಳಗೆ ಹಾಸನವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ನಾನು ಹೊಸಿಲು ದಾಟಿದ ಕೂಡಲೇ ತೆಲುಗಿನವಳು. ಎಂಜಿನ್ ರೂಮಿನಲ್ಲಿ ಇಪ್ಪತ್ತು ವರ್ಷ ಕಳೆದ ಅಪ್ಪನ ಕಿವಿ ಅರ್ಧಕ್ಕರ್ಧ ಹೋಗಿತ್ತು. ಅಮ್ಮ ಅದನ್ನು ಒಪ್ಪುತ್ತಿರಲಿಲ್ಲ. "ಕೇಳಿಸುತ್ತೆ, ಕೇಳಿಸಿಕೊಳ್ಳಲ್ಲ ಅಷ್ಟೇ" ಅನ್ನುತ್ತಿದ್ದಳು.

ಡಿಗ್ರಿ ಎರಡನೇ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸರ್ಟಿಫಿಕೇಟ್ ಕೋರ್ಸ್ ತೆಗೆದುಕೊಳ್ಳಲೇಬೇಕು ಅಂತ ನೋಟೀಸು ಬಿತ್ತು. ಎಲ್ಲರ ಹಾಗೆ ನನಗೂ ಟೈಪಿಂಗ್ ಬೇಕಿತ್ತು. ಹೆಸರು ಬರೆಸುವ ದಿನ ಸಿಂಹಾಚಲಂನಲ್ಲಿ ಏನೋ ಉತ್ಸವ, ಬಸ್ಸಿನ ತುಂಬ ಬೋಳುತಲೆಯ ಭಕ್ತರು, ಕಾಲಿಡಲು ಜಾಗವಿಲ್ಲ. ಮೂರನೇ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಟೈಪಿಂಗು ತುಂಬಿ, ಶಾರ್ಟ್‌ಹ್ಯಾಂಡೂ ತುಂಬಿ, ಹೊಲಿಗೆಯೂ ತುಂಬಿ, ಉಳಿದದ್ದು 'ನಮ್ಮ ನಗರದ ಸಂಗೀತ ಚರಿತ್ರೆ' ಒಂದೇ. ಅದಕ್ಕೆ ಸೇರಿದವರು ಹನ್ನೊಂದು ಜನ. ಹನ್ನೊಂದೂ ಜನ ಬಸ್ಸು ತಪ್ಪಿಸಿಕೊಂಡವರೇ.

ಕೋರ್ಸಿನ ಮೇಷ್ಟ್ರು ವಿಜಯವಾಡದವರು. ಬಿಳಿ ಪಂಚೆ, ಬಿಳಿ ಜುಬ್ಬ, ಕತ್ತಿನಲ್ಲಿ ಜರಿ ಉತ್ತರೀಯ. ವಿಶಾಖಪಟ್ಟಣದಲ್ಲಿ ಹದಿನೆಂಟು ವರ್ಷ ಸಂಬಳ ತೆಗೆದುಕೊಂಡಿದ್ದರೂ ಪ್ರತಿ ಮಾತನ್ನೂ "ನಮ್ಮ ವಿಜಯವಾಡದಲ್ಲಾದರೆ" ಅಂತಲೇ ಶುರುಮಾಡುತ್ತಿದ್ದರು. ಮೊದಲ ದಿನ ಒಬ್ಬೊಬ್ಬರ ಊರು ಕೇಳುತ್ತ ನನ್ನ ಹತ್ತಿರ ಬಂದರು. ಕರ್ನಾಟಕ ಅಂದೆ. ಮೇಷ್ಟ್ರ ಮುಖ ಅರಳಿತು. "ಓಹೋಹೋ! ಕರ್ನಾಟಕ ಸಂಗೀತವೇ ನಿಮ್ಮದಲ್ಲವೇನಮ್ಮಾ! ಒಂದು ಪ್ರಾರ್ಥನೆ ಹಾಡು" ಅಂದರು. ನಾನು ಎದ್ದು ಸ್ಕೂಲಿನಲ್ಲಿ ಕಲಿತ ಪ್ರಾರ್ಥನೆ ಶುರುಮಾಡಿದೆ. ಎರಡನೇ ಸಾಲಿಗೇ ಕೈ ಮುಂದೆ ಮಾಡಿ "ಚಾಲಮ್ಮಾ, ಚಾಲು" ಅಂದರು. ಸಾಕಮ್ಮಾ ಸಾಕು ಅಂತ. ಆಮೇಲೆ ಕೋರ್ಸು ಮುಗಿಯುವ ತನಕ ನನ್ನನ್ನು ಯಾರೂ ಹಾಡು ಅನ್ನಲಿಲ್ಲ.

ಅವರ ಹತ್ತಿರ ಒಂದು ಉದ್ದನೆಯ ರಿಜಿಸ್ಟರಿತ್ತು. ಅದೇ ನಮ್ಮ ಪಠ್ಯ. ಅದರಲ್ಲಿ ನಾಲ್ಕು ಕಾಲಮ್ಮು: ವಿದ್ವಾಂಸರ ಹೆಸರು, ಗುರುಗಳ ಹೆಸರು, ಊರು, ಮತ್ತು ಶಾಲು. ಹೌದು, ಶಾಲು. ಸನ್ಮಾನದಲ್ಲಿ ಹೊದಿಸುತ್ತಾರಲ್ಲ, ಅದು ಎಷ್ಟು ಬಂತು ಅಂತ. "ಸಂಗೀತ ಗಾಳಿಯಲ್ಲಿ ಹೋಗುತ್ತೆ ಅಮ್ಮಾ, ಶಾಲು ಉಳಿಯುತ್ತೆ. ಚರಿತ್ರೆಗೆ ಸಾಕ್ಷಿ ಬೇಕು" ಅನ್ನುತ್ತಿದ್ದರು. ನಾವು ಸ್ಕೇಲು ಇಟ್ಟು ಗೆರೆ ಎಳೆದು, ಹದಿನೇಳು ಶಾಲಿನವರು, ಇಪ್ಪತ್ತಾರು ಶಾಲಿನವರು ಅಂತ ಕಾಪಿ ಮಾಡುತ್ತಿದ್ದೆವು. ಪರೀಕ್ಷೆಯಲ್ಲಿ ಇಳಿಕೆಯ ಕ್ರಮದಲ್ಲಿ ಬರೆಯಬೇಕಿತ್ತು. ಅಷ್ಟು ಹೆಸರಿನಲ್ಲಿ ವಿಶಾಖಪಟ್ಟಣದವರು ಎಷ್ಟು ಜನ ಅಂತೀರಿ? ಒಬ್ಬರೂ ಇಲ್ಲ. ನಮ್ಮ ನಗರದ ಬಗ್ಗೆ ಮೇಷ್ಟ್ರು ಹೇಳಿದ್ದು ಇಷ್ಟು: ಬಹಳ ಹಿಂದೆ ವಿಜಯವಾಡದ ದೊಡ್ಡ ವಿದ್ವಾಂಸರೊಬ್ಬರು ಕಲ್ಕತ್ತೆಗೆ ಹೊರಟಿದ್ದಾಗ ಹೊಟ್ಟೆ ಕೆಟ್ಟು ಇಲ್ಲಿನ ಸ್ಟೇಷನ್ನಿನಲ್ಲಿ ಇಳಿದರಂತೆ. ಮೂರು ದಿನ ಸ್ಟೇಷನ್ ಮಾಸ್ಟರ ಮನೆಯಲ್ಲಿ ಗಂಜಿ ಕುಡಿದು ಮಲಗಿ, ಹೋಗುವಾಗ ಆ ಮನೆಯ ಮಗಳಿಗೆ ಒಂದು ವರ್ಣ ಹೇಳಿಕೊಟ್ಟರಂತೆ. "ಅದೇ ನಮ್ಮ ವಿಶಾಖಪಟ್ಟಣದ ಸಂಗೀತದ ಉಗಮ" ಅಂದರು ಮೇಷ್ಟ್ರು, ಗಂಭೀರವಾಗಿ. ಹಿಂದಿನ ಬೆಂಚಿನವನೊಬ್ಬ ಆ ಗಂಜಿಯನ್ನೂ ನೋಟ್ಸಿನಲ್ಲಿ ಬರೆದುಕೊಂಡ.

ಇನ್ನು ತಾತನ ವಿಷಯ. ಕಾಲೇಜಿಗೂ ನಮ್ಮ ಕ್ವಾರ್ಟರ್ಸಿಗೂ ನಡುವೆ, ಮಾರ್ಕೆಟ್ಟಿನ ಬೀದಿಯಲ್ಲಿ, ಎರಡು ಕುರ್ಚಿಯ ಒಂದು ಕಟಿಂಗ್ ಶಾಪಿತ್ತು. ಅದರ ಯಜಮಾನರು ಎಪ್ಪತ್ತು ದಾಟಿದವರು. ಬೀದಿಗೆಲ್ಲ ಅವರು ತಾತ, ನನಗೂ ತಾತ. ಆ ಸೀಮೆಯಲ್ಲಿ ಕತ್ತರಿಯೂ ಸನ್ನಾಯಿಯೂ ಒಂದೇ ಮನೆಯವರ ಕಸುಬು. ಸನ್ನಾಯಿ ಅಂದರೆ ನಮ್ಮ ನಾಗಸ್ವರವೇ, ಅಮ್ಮನ ಬಾಯಲ್ಲಿ ವಾಲಗ. ಊರಿನ ಅರ್ಧ ಮದುವೆಗಳಿಗೆ ಸನ್ನಾಯಿ ನುಡಿಸಿದವರು ಇವರೇ. ಬೆಳಿಗ್ಗೆ ಮದುವೆ ಇದ್ದರೆ ಮದುವೆ, ಇಲ್ಲದಿದ್ದರೆ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಜಗಲಿಯ ಮೇಲೆ ಕೂತು ಸಾಧನೆ.

ಅಪ್ಪ ಎರಡು ವಾರಕ್ಕೊಮ್ಮೆ ಭಾನುವಾರ ಅಲ್ಲಿಗೆ ಹೋದರೆ ಊಟದ ಹೊತ್ತಾದರೂ ಬರುತ್ತಿರಲಿಲ್ಲ. ಕರೆದುಕೊಂಡು ಬಾ ಅಂತ ಅಮ್ಮ ನನ್ನನ್ನು ಅಟ್ಟುತ್ತಿದ್ದಳು. ಹೋಗಿ ನೋಡಿದರೆ ಅಪ್ಪ ಕತ್ತರಿಸಿದ ಕೂದಲು ಕತ್ತಿನ ಮೇಲೆ ಹಾಗೇ ಇರುವಂತೆ ಜಗಲಿಯ ಕಟ್ಟೆಗೆ ಒರಗಿ ಕೂತಿರುತ್ತಿದ್ದರು. ರೇಡಿಯೋ ಎಷ್ಟು ಜೋರಾಗಿ ಹಾಕಿದರೂ ಮುಖ ಸಿಂಡರಿಸುವ ಮನುಷ್ಯ. ಸನ್ನಾಯಿ ಮಾತ್ರ ಪೂರ್ತಿ ಕೇಳಿಸುತ್ತೆ ಅಂತ ಹೇಳಿದರು. ಅಲ್ಲಿ ನಿಂತು ಮೊದಲ ಸಲ ಕೇಳಿದಾಗ ನನಗೆ ಏನಾಯಿತು ಅಂತ ವಿವರಿಸಲು ಹೋಗುವುದಿಲ್ಲ, ಆ ಜಾತಿಯ ವಾಕ್ಯಗಳು ಆಮೇಲೆ ಕೋರ್ಸಿಗಾಗಿ ಬರೆದ ನನ್ನ ಪ್ರಬಂಧದಲ್ಲಿ ಬೇಕಾದಷ್ಟಿದ್ದವು. ಊಟಕ್ಕೆ ಕರೆಯೋದು ಮರೆತುಹೋಯಿತು ಅಷ್ಟೇ. ಮನೆಗೆ ಹೋದಾಗ ಅಪ್ಪನ ಜೊತೆ ನನಗೂ ಬೈಗುಳ ಬಿತ್ತು.

ನಮ್ಮ ಮೇಷ್ಟ್ರೂ ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ಒಪ್ಪಿಸುತ್ತಿದ್ದರು. ಅವರು ತಲೆ ಹಗುರ ಮಾಡಿಕೊಂಡು ಹೋಗುವುದನ್ನು ನಾನೇ ಎರಡು ಸಲ ನೋಡಿದ್ದೇನೆ. ನಗರದ ಸಂಗೀತ ಚರಿತ್ರೆ ಕತ್ತರಿ ಹಿಡಿದು ಕಿವಿಯ ಪಕ್ಕದಲ್ಲೇ ನಿಂತಿದೆ, ಇವರಿಗೆ ನಿದ್ದೆ.

ಒಂದು ಮಧ್ಯಾಹ್ನ ನಾನು ನೋಟ್‌ಬುಕ್ಕು ಹಿಡಿದು ಜಗಲಿಗೆ ಹೋಗಿ ಕೂತೆ. ಮೇಷ್ಟ್ರ ಶಿಷ್ಯೆಯಲ್ಲವೇ, ಮೊದಲ ಪ್ರಶ್ನೆಯೇ "ತಾತಾ, ನಿಮಗೆ ಎಷ್ಟು ಶಾಲು ಬಂದಿದೆ?" ಅಂತ. ತಾತ ನಕ್ಕು ಕೆಮ್ಮಿ, ಗಿರಾಕಿಗಳ ಕತ್ತಿಗೆ ಸುತ್ತುವ ಬಿಳಿ ಬಟ್ಟೆ ತೋರಿಸಿದರು. "ನಾನು ಹೊದಿಸುವವನು ತಲ್ಲೀ. ದಿನಕ್ಕೆ ಹತ್ತು ಹದಿನೈದು ಹೊದಿಸ್ತೇನೆ." ತಲ್ಲಿ ಅಂದರೆ ತಾಯಿ. ಎಲ್ಲ ಹೆಣ್ಣುಮಕ್ಕಳಿಗೂ ಅವರು ಹಾಗೇ ಅನ್ನುತ್ತಿದ್ದರು.

ಮತ್ತೆ ತಾವಾಗಿಯೇ ಹೇಳಿದರು. ಮದುವೆಯಲ್ಲಿ ಗಟ್ಟಿಮೇಳ ಅನ್ನುವುದು ನಿಮಗೆ ಗೊತ್ತೇ ಇದೆ. ಪುರೋಹಿತರು ಬೆರಳೆತ್ತಿ ಸನ್ನೆ ಮಾಡಿದರೆ ವಾಲಗದವರು ಏನು ನುಡಿಸುತ್ತಿದ್ದರೂ ಅಲ್ಲಿಗೇ ಕತ್ತರಿಸಿ ಜೋರಾಗಿ ಬಾರಿಸಬೇಕು, ತಾಳಿ ಕಟ್ಟುವಾಗ ಸೀನು ಕೆಮ್ಮು ಕೇಳಿಸಬಾರದು ಅಂತ. ತಾಳಿಗೊಂದೇ ಅಲ್ಲ, ಜೀರಿಗೆ ಬೆಲ್ಲಕ್ಕೆ, ತಲಂಬ್ರಾಲು ಅಂತ ಅಕ್ಷತೆ ಸುರಿಯುವುದಕ್ಕೆ, ಬೀಗರು ಬಂದರೆ, ಬೀಗರು ಮುನಿಸಿಕೊಂಡರೆ, ಎಲ್ಲಕ್ಕೂ ಬೆರಳು. ದೇವಸ್ಥಾನದಲ್ಲಾದರೆ ಆರತಿಯ ಗಂಟೆ. "ಹದಿನಾಲ್ಕನೇ ವಯಸ್ಸಿಗೆ ಸನ್ನಾಯಿ ಹಿಡಿದೆ. ತೋಡಿ ರಾಗವನ್ನ ಕೆಳಗಿನಿಂದ ಹತ್ತಿಸಿಕೊಂಡು ಮೇಲಿನ ಷಡ್ಜದ ತನಕ ಕರಕೊಂಡು ಹೋಗಿ, ಮತ್ತೆ ಇಳಿಸಿ ತಂದು ಕೂರಿಸಿದ್ದು, ಜನದ ಮುಂದೆ, ಒಂದು ಸಲವೂ ಇಲ್ಲ. ಅರ್ಧ ದಾರಿಗೆ ಬಂದಿರ್ತೇನೆ, ಬೆರಳು ಏಳುತ್ತೆ."

"ಇಲ್ಲಿ ನುಡಿಸ್ತೀರಲ್ಲ ತಾತಾ?"

"ಇಲ್ಲಿ ಗೋಡೆ ಕೇಳುತ್ತೆ, ನಿಮ್ಮಪ್ಪ ಕೇಳ್ತಾರೆ. ಅವರಿಗೂ ಊಟಕ್ಕೆ ಕರೆ ಬರುತ್ತೆ." ನನ್ನ ಮುಖ ನೋಡಿ ನಕ್ಕರು. "ಒಂದು ಸಲ, ಜನ ಕೂತು, ಸುಮ್ಮನೆ ಕೂತು, ಮುಕ್ಕಾಲು ಗಂಟೆ. ಅಷ್ಟೇ ತಲ್ಲೀ. ಆಮೇಲೆ ಈ ಹಲ್ಲು ಹೋದರೆ ಹೋಗಲಿ."

ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಹಲ್ಲಿನ ಡಾಕ್ಟರು ನಾಲ್ಕನ್ನೂ ಕೀಳಬೇಕು, ವಸಡು ಕೀವು ತುಂಬಿದೆ ಅಂದಿದ್ದರು. ಮುಂದಿನ ಹಲ್ಲಿಲ್ಲದೆ ಸನ್ನಾಯಿಯ ಬಾಯಿಗಿಡುವ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ತಾತ ಲವಂಗದೆಣ್ಣೆ ಹಚ್ಚಿಕೊಂಡು ದಿನ ಮುಂದೂಡುತ್ತಿದ್ದರು. ಒಂದು ಕೆನ್ನೆ ಯಾವಾಗಲೂ ಊದಿಕೊಂಡೇ ಇತ್ತು.

ಮನೆಯಲ್ಲಿ ಹೇಳಿದರೆ ಅಮ್ಮ ಮೂಗು ಮುರಿದಳು. "ವಾಲಗದವರ ಮುಂದೆ ಕೂತು ಬರಕೊಳ್ಳೋದಕ್ಕೇನೇ ನಿನ್ನ ಕಾಲೇಜಿಗೆ ಕಳಿಸಿದ್ದು?" ನಾನು ಕೇಳಿದೆ, ನಿನ್ನ ಮದುವೆಗೆ ವಾಲಗ ಊದಿದವರು ಯಾರಮ್ಮ ಅಂತ. ಧಾರೆ ಸೀರೆಯ ಅಂಚು ಎಷ್ಟು ಬೆರಳು ಅಗಲ ಅಂತ ಕಣ್ಣು ಮುಚ್ಚಿಕೊಂಡು ಹೇಳುವವಳು. "ಯಾರಿಗ್ಗೊತ್ತು? ಊಟ ಹಾಕಿ ಕಳಿಸಿದ್ರು" ಅಂದಳು.

ಡಿಸೆಂಬರಿನಲ್ಲಿ ಮೇಷ್ಟ್ರು ನಮ್ಮನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ದರು. ಎಲ್ಲಿಗೆ ಅಂತ ಬೇರೆ ಹೇಳಬೇಕೇ? ವಿಶಾಖಪಟ್ಟಣದ ಸಂಗೀತ ಚರಿತ್ರೆ ಕಲಿಯಲು ಇಡೀ ಹಗಲು ರೈಲಿನಲ್ಲಿ ಕೂತು ವಿಜಯವಾಡಕ್ಕೆ. ಮಾರನೇ ದಿನ ಒಂದು ಗಲ್ಲಿಯ ಮನೆ. ಅದು ಇಪ್ಪತ್ತಾರು ಶಾಲಿನ ವಿದ್ವಾಂಸರ ಮನೆ. ವಿದ್ವಾಂಸರು ತೀರಿಕೊಂಡು ವರ್ಷಗಳಾಗಿದ್ದವು. ಅವರು ಮೇಷ್ಟ್ರ ಸ್ವಂತ ಚಿಕ್ಕಪ್ಪ ಅನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ರಿಜಿಸ್ಟರಿನಲ್ಲಿದ್ದ ಮುಕ್ಕಾಲು ಹೆಸರು ಅದೇ ಬಳಗದ್ದು ಅನ್ನುವುದು ಗೋಡೆಯ ಫೋಟೋಗಳನ್ನು ಸಾಲಾಗಿ ನೋಡಿದ ಮೇಲೆ.

ವಿದ್ವಾಂಸರ ಹೆಂಡತಿ, ಎಂಬತ್ತರ ಹತ್ತಿರದ ಅಜ್ಜಿ, ಸ್ಟೀಲ್ ಬೀರು ತೆರೆದರು. ನುಸಿಗುಳಿಗೆಯ ವಾಸನೆ ಗಪ್ಪಂತ ಬಂತು. ಒಳಗೆ ಶಾಲುಗಳ ರಾಶಿ. ಮೇಷ್ಟ್ರು ಭಕ್ತಿಯಿಂದ ಒಂದೊಂದನ್ನೇ ಬಿಡಿಸಿ, ಯಾವ ಸಭೆ, ಯಾವ ಊರು ಅಂತ ಹೇಳುತ್ತ ಹೋದರು. ನಾವು ಎಣಿಸಿದೆವು. ಇಪ್ಪತ್ತಮೂರೇ ಇತ್ತು. ಮೇಷ್ಟ್ರ ಮುಖ ಬಿಳುಚಿಕೊಂಡಿತು. ಅಜ್ಜಿ, "ಮೂರನ್ನ ಇಸ್ತ್ರಿ ಮಾಡೋ ಮೇಜಿಗೆ ಹಾಸಿದ್ದೇನಪ್ಪಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಊರು ಕೇಳಿ, "ಈ ವಿಜಯವಾಡದ ಬಿಸಿಲಿಗೆ ಜನ ಶಾಲು ಹೊದಿಸಿ ಹೊದಿಸಿ ಅವರಿಗೆ ಬೆವರುಸಾಲೆ ಎದ್ದಿತ್ತಮ್ಮಾ. ನಿಮ್ಮ ಕಡೆ ಚಳಿಯಂತೆ, ಎರಡು ತಗೊಂಡು ಹೋಗು" ಅಂದರು. ಮೇಷ್ಟ್ರು ಹೌಹಾರಿ ಬೀರು ಮುಚ್ಚಿದರು. ಆ ಪ್ರವಾಸದಲ್ಲಿ ನನಗೆ ಇಷ್ಟವಾದದ್ದು ಆ ಅಜ್ಜಿ ಒಬ್ಬರೇ. ಅವರ ಗಂಡನ ಹಾಡು ಹೇಗಿತ್ತು ಅಂತ ಅವರನ್ನೂ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ವಾಪಸು ಬರುವ ಮುಂಚೆ ಮೇಷ್ಟ್ರು ಸ್ಟೇಷನ್ನಿನ ಹತ್ತಿರ ಕೊಂಡಪಲ್ಲಿ ಗೊಂಬೆ ಕೊಂಡರು. ಮರದ ಸನ್ನಾಯಿಯವನು, ಮರದ ಡೋಲಿನವನು, ಶ್ರುತಿ ಹಿಡಿದವನು, ಕೆಂಪು ಪೇಟ, ಹಳದಿ ಪಂಚೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗೂ ತೋರಿಸಿದರು. "ನೋಡಿ, ಎಂಥ ಪರಂಪರೆ! ನನ್ನ ಶೋಕೇಸಿಗೆ ಕಳೆ ಬರುತ್ತೆ." ನನಗೆ ತಡೆಯಲಾಗಲಿಲ್ಲ. ಕೋರ್ಸಿನ ಕೊನೆಗೆ ಸೆಮಿನಾರಿನಲ್ಲಿ ಒಬ್ಬೊಬ್ಬರೂ ಒಬ್ಬ ಕಲಾವಿದರ ಬಗ್ಗೆ ಪ್ರಬಂಧ ಓದಬೇಕಿತ್ತು. ನಾನು ಮಾರ್ಕೆಟ್ ಬೀದಿಯ ಸನ್ನಾಯಿ ತಾತನ ಬಗ್ಗೆ ಬರೆಯುತ್ತೇನೆ ಅಂದೆ.

"ಯಾರು, ನಮ್ಮ ಕಟಿಂಗಿನವನಾ? ಅವನು ಸನ್ನಾಯಿ ನುಡಿಸ್ತಾನಾ?"

"ಕಳೆದ ವರ್ಷ ನಿಮ್ಮ ಮಗಳ ಮದುವೆಗೆ ಅವರೇ ಅಲ್ಲವೇ ಸರ್ ನುಡಿಸಿದ್ದು?"

ಮೇಷ್ಟ್ರು ಯೋಚಿಸಿದರು. ಆ ಮದುವೆಯ ಗುತ್ತಿ ವಂಕಾಯಿ ಎಣ್ಣೆಗಾಯಿ ನೆನಪಿತ್ತು, ಹೂರಣದ ಹೋಳಿಗೆ ನೆನಪಿತ್ತು. ಸನ್ನಾಯಿ ನೆನಪಾಗಲಿಲ್ಲ. ಸನ್ಮಾನ ಪತ್ರ ಇದೆಯಾ, ಫೋಟೋ ಇದೆಯಾ ಅಂತ ಕೇಳಿದರು. ಫೋಟೋ ಊರಿನ ಎಲ್ಲ ಮದುವೆ ಆಲ್ಬಮ್ಮಿನಲ್ಲೂ ಇದೆ ಸರ್, ಮೂಲೆಯಲ್ಲಿ, ಒಂದು ಕೆನ್ನೆ ಮಾತ್ರ ಅಂದೆ. ಹನ್ನೊಂದು ಪ್ರಬಂಧದಲ್ಲಿ ಹತ್ತು ತಮ್ಮ ಬಳಗದ ಮೇಲೇ ಇದ್ದುದಕ್ಕೋ ಏನೋ, ಕೊನೆಗೆ ಒಪ್ಪಿದರು. ತಲೆಬರಹ ಅವರೇ ಕೊಟ್ಟರು: 'ನಶಿಸಿಹೋದ ನಮ್ಮ ಸನ್ನಾಯಿ ಪರಂಪರೆ'.

"ನಶಿಸಿಲ್ಲವಲ್ಲ ಸರ್. ಮಂಗಳವಾರ ಬಿಟ್ಟು ದಿನಾ ಅಂಗಡಿ ತೆಗೆದಿರುತ್ತೆ."

"ಪ್ರಬಂಧಕ್ಕೆ ನಶಿಸಿಹೋಗಿದ್ದರೇ ತೂಕ ಅಮ್ಮಾ" ಅಂದರು.

ಪ್ರಬಂಧದ ನಂತರ ತಾತ ವೇದಿಕೆಯ ಮೇಲೆ ಕೂತು ತೋಡಿ ನುಡಿಸಲಿ, ಮುಕ್ಕಾಲು ಗಂಟೆ ಬೇಕು ಅಂತಲೂ ಕೇಳಿದೆ. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ "ಚೂದ್ದಾಂ" ಅಂದರು. ನೋಡೋಣ ಅಂತ. ಇಪ್ಪತ್ತು ವರ್ಷದ ನನಗೆ ಅದು ಹೂಂ ಅಂದ ಹಾಗೆ ಕೇಳಿಸಿತು. ನಿಜ ಹೇಳಬೇಕೆಂದರೆ, ಹಾಗೆ ಕೇಳಿಸಿಕೊಂಡೆ. ಮಾರನೇ ದಿನವೇ ಓಡಿಹೋಗಿ ತಾತನಿಗೆ ಹೇಳಿದೆ: ಸ್ಟೇಜಿನ ಮೇಲೆ, ಮೈಕಿನ ಮುಂದೆ, ಪೂರ್ತಿ ತೋಡಿ. ತಾತ ಗಿರಾಕಿಯ ತಲೆಯ ಮೇಲೆ ಕತ್ತರಿ ಹಿಡಿದವರು ಹಾಗೇ ನಿಂತರು. "ಯಾರೂ ಬೆರಳೆತ್ತಲ್ಲವಾ?" ಅಂತ ಕೇಳಿದರು. ಯಾರೂ ಎತ್ತಲ್ಲ ತಾತಾ, ನಾನಿದ್ದೇನೆ ಅಂದೆ. ಆಹಾ, ನನ್ನ ಧೈರ್ಯವೇ! ಆ ವಾರ ಕೀಳಿಸಬೇಕಿದ್ದ ಹಲ್ಲನ್ನು ತಾತ ಸೆಮಿನಾರಿನ ಮಾರನೇ ದಿನಕ್ಕೆ ಮುಂದೆ ಹಾಕಿಸಿಕೊಂಡರು. ಎರಡು ತಿಂಗಳು ಗಂಜಿ, ಲವಂಗದೆಣ್ಣೆ, ಜ್ವರ. ಆ ಎರಡು ತಿಂಗಳಲ್ಲಿ ಅಪ್ಪ ವಾರಕ್ಕೆ ಎರಡು ಸಲ ಕೂದಲು ಕತ್ತರಿಸಿಕೊಳ್ಳಲು ಹೋದರು. ಅಮ್ಮ ಕೇಳಿಯೇ ಬಿಟ್ಟಳು, ಇನ್ನು ಅಲ್ಲಿ ಕತ್ತರಿಸೋಕೆ ಏನು ಉಳಿದಿದೆ ಅಂತ.

ಸೆಮಿನಾರಿನ ದಿನ ತಾತ ಒಗೆದ ಪಂಚೆ, ಬಿಳಿ ಶರಟು ಹಾಕಿಕೊಂಡು, ಡೋಲು ನುಡಿಸುವ ತಮ್ಮನ ಜೊತೆ ಬೆಳಿಗ್ಗೆ ಎಂಟಕ್ಕೇ ಬಂದರು. ಮೇಷ್ಟ್ರು ಅವರನ್ನು ನೋಡಿ ಖುಷಿಯಾದರು. "ಬಂದೆಯಾ? ಒಳ್ಳೇದಾಯ್ತು. ಗೇಟಿನ ಹತ್ತಿರ ಚಾಪೆ ಹಾಕಿಸಿದ್ದೇನೆ. ಮುಖ್ಯ ಅತಿಥಿಗಳು ಬರುವಾಗ ಮಂಗಳವಾದ್ಯ." ನಾನು ಬಾಯಿ ತೆರೆದೆ. "ಅದು ಮೊದಲು, ಇದು ಆಮೇಲೆ" ಅಂತ ತಾತನೇ ನನ್ನನ್ನು ಸಮಾಧಾನ ಮಾಡಿ ಗೇಟಿನ ಕಡೆ ನಡೆದರು.

ಮುಖ್ಯ ಅತಿಥಿ ದೊಡ್ಡ ಕಾರ್ಖಾನೆಯೊಂದರ ದೊಡ್ಡ ಅಧಿಕಾರಿ. ಒಂಬತ್ತೂವರೆಗೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಅಲ್ಲಿಯ ತನಕ ತಾತ ಸಣ್ಣಪುಟ್ಟ ಕೀರ್ತನೆಗಳನ್ನು ನುಡಿಸುತ್ತ ತುಟಿಯನ್ನು ಉಳಿಸಿಕೊಳ್ಳುತ್ತಿದ್ದರು. ಆಮೇಲೆ ದೀಪ, ಪ್ರಾರ್ಥನೆ, ಹಾರ. ಅತಿಥಿಗಳಿಗೆ ಶಾಲು. ಪ್ರಿನ್ಸಿಪಾಲರಿಗೆ ಶಾಲು. ಮೇಷ್ಟ್ರಿಗೆ ಶಾಲು, ಅದನ್ನು ತರಿಸಿದವರೂ ಅವರೇ. ಅತಿಥಿಗಳು ಐವತ್ತು ನಿಮಿಷ ಮಾತಾಡಿದರು. ಶಬ್ದಮಾಲಿನ್ಯ ಅನ್ನುವುದು ಇವತ್ತಿನ ದೊಡ್ಡ ಪಿಡುಗು ಅಂದರು. ಐದು ಪ್ರಬಂಧಗಳಾದವು, ಐದೂ ಶಾಲಿನ ಪ್ರಬಂಧಗಳು. ಗಂಟೆ ಒಂದಾಗುತ್ತ ಬಂದಿತ್ತು. ಮೇಷ್ಟ್ರು ನನ್ನ ಪಕ್ಕ ಬಗ್ಗಿ, "ಪ್ರಾತ್ಯಕ್ಷಿಕೆಗೆ ಟೈಮಿಲ್ಲ ಅಮ್ಮಾ, ನೀನು ಓದಿ ಮುಗಿಸಿಬಿಡು" ಅಂದರು. ನಾನು ಪ್ರಬಂಧದ ಹಾಳೆಗಳನ್ನು ಜೋಡಿಸಿಕೊಂಡೆ, ಅಷ್ಟೇ. ಮುಂದಿನದು ನನ್ನ ಸರದಿ.

ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನು ನಿಂತಿತು, ಸೆಕೆಗೆ ಯಾರೋ ಕಿಟಕಿಗಳನ್ನೆಲ್ಲ ತೆರೆದರು. ಹೊರಗಿದ್ದ ತಾತನಿಗೆ ಒಳಗಿನ ಮಾತು ನಿಂತದ್ದಷ್ಟೇ ಕೇಳಿಸಿತು. ಕಿಟಕಿ ತೆರೆದದ್ದು ಕಾಣಿಸಿತು. ತಮ್ಮ ಸರದಿ ಬಂತು, ಕರೆಯದಿದ್ದರೂ ಕಿಟಕಿ ತೆಗೆದು ಕಾಯುತ್ತಿದ್ದಾರೆ ಅಂದುಕೊಂಡರಂತೆ. ತೋಡಿ ಶುರುಮಾಡಿದರು.

ಮೊದಲು ಕೆಳಗಿನ ಸ್ವರಗಳಲ್ಲೇ ಸುಮಾರು ಹೊತ್ತು. ಸಭೆಯಲ್ಲಿ ನೋಟೀಸಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದವರ ಕೈ ಒಂದೊಂದಾಗಿ ನಿಂತಿತು. ಹಿಂದಿನ ಸಾಲಿನಲ್ಲಿ ರಜೆ ಹಾಕಿ ಬಂದು ಕೂತಿದ್ದ ಅಪ್ಪ ಬೆನ್ನು ನೆಟ್ಟಗೆ ಮಾಡಿದರು. ಹತ್ತು ನಿಮಿಷ, ಹನ್ನೆರಡು ನಿಮಿಷ. ಯಾರೂ ಮಾತಾಡಲಿಲ್ಲ. ಗಂಜಿ ಬರೆದುಕೊಂಡಿದ್ದ ಹುಡುಗ ಪೆನ್ನು ಮುಚ್ಚಿ ಕಿಟಕಿ ನೋಡುತ್ತಿದ್ದ. ರಾಗ ಮೇಲಕ್ಕೆ ಹತ್ತುತ್ತಿತ್ತು. ನನಗೆ ಖುಷಿಯಲ್ಲಿ ಅಳು ಬರುವ ಹಾಗಾಗಿತ್ತು. ಇನ್ನೊಂದು ಅರ್ಧ ಗಂಟೆ ಕರೆಂಟು ಬರದಿರಲಿ ಅಂತ ಸಿಂಹಾಚಲಂ ದೇವರಿಗೆ ಹರಕೆ ಹೊತ್ತೆ.

ಕರೆಂಟು ಬಂತು. ಮೈಕು ಕೀಂ ಅಂತ ಕಿರುಚಿತು. ಮೇಷ್ಟ್ರು ಎದ್ದು ನನ್ನ ಹೆಸರು ಕೂಗಿದರು. ನಾನು ಮೈಕಿನ ಮುಂದೆ ನಿಂತೆ. ಮುಖ್ಯ ಅತಿಥಿಗಳು ವಾಚು ನೋಡಿಕೊಂಡು, "ಮೊದಲು ಹೊರಗಿನ ಆ ಗಲಾಟೆ ನಿಲ್ಲಿಸಿ, ಹುಡುಗಿ ಓದೋದು ಹೇಗೆ?" ಅಂದರು. ಮೇಷ್ಟ್ರು ನನ್ನ ಮುಖ ನೋಡಿದರು. ನೀನು ತಂದ ಮನುಷ್ಯ, ನೀನೇ ನಿಲ್ಲಿಸು ಅನ್ನುವ ಹಾಗೆ.

ನಾನು ಇಲ್ಲ ಅನ್ನಬಹುದಿತ್ತು. ಇದೇ ನನ್ನ ಪ್ರಬಂಧ, ಕೇಳಿ ಅನ್ನಬಹುದಿತ್ತು. ಈಗ ಅಡಿಗೆಮನೆಯಲ್ಲಿ ನಿಂತು ಎಷ್ಟೋ ಸಲ ಅಂದಿದ್ದೇನೆ, ಒಳ್ಳೊಳ್ಳೆಯ ಮಾತುಗಳು ಬರುತ್ತವೆ. ಅವತ್ತು ವೇದಿಕೆ ಇಳಿದು, ಬಾಗಿ, ಬಿರಬಿರನೆ ಗೇಟಿಗೆ ಹೋದೆ. ವಾಚ್‌ಮನ್ನು, ಇಬ್ಬರು ಆಟೋದವರು, ಒಬ್ಬ ಹೂವಿನವಳು ಕುಕ್ಕರಗಾಲಿನಲ್ಲಿ ಕೂತು ಕೇಳುತ್ತಿದ್ದರು. ತಾತ ಕಣ್ಣು ಮುಚ್ಚಿದ್ದರು. ಊದಿಕೊಂಡ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನೋವಿಗೋ ಏನೋ ಗೊತ್ತಿಲ್ಲ. ಮೇಲಿನ ಷಡ್ಜ ಇನ್ನೇನು ಬಂತು ಅನ್ನುವಲ್ಲಿ ಇತ್ತು. ನಾನು ಮೊಣಕೈ ಮುಟ್ಟಿದೆ.

ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಒಂದೇ ಉಸಿರಿನಲ್ಲಿ ರಾಗವನ್ನು ಸರಸರನೆ ಕೆಳಗಿಳಿಸಿ, ಕೇಳುವವರಿಗೆ ತುಂಡಾದದ್ದು ತಿಳಿಯದ ಹಾಗೆ ಮುಗಿಸಿದರು. ಅರವತ್ತು ವರ್ಷದ ಅಭ್ಯಾಸ.

"ನನ್ನ ಪ್ರಬಂಧ ತಾತಾ. ಹತ್ತು ನಿಮಿಷ ಅಷ್ಟೇ" ಅಂದೆ.

"ಅಯ್ಯೋ, ನಿಂದಾ? ಹೋಗು ತಲ್ಲೀ, ಹೋಗು, ತಡ ಮಾಡಬೇಡ." ಪೀಪಿಯನ್ನು ಒರೆಸಿ ಡಬ್ಬಿಗೆ ಹಾಕಿದರು.

ನಾನು ಒಳಗೆ ಬಂದು ಓದಿದೆ. ಚೆನ್ನಾಗಿ ಓದಿದೆ, ಹಾಳಾದ್ದು, ಬಹಳ ಚೆನ್ನಾಗಿ ಓದಿದೆ. 'ಈ ಮಹಾನ್ ಕಲಾವಿದನಿಗೆ ತನ್ನ ರಾಗವನ್ನು ಮುಗಿಸಲು ಈ ನಗರ ಒಮ್ಮೆಯೂ ಬಿಡಲಿಲ್ಲ' ಅನ್ನುವ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳು ತ್ಚು ತ್ಚು ಅಂತ ತಲೆಯಾಡಿಸಿದರು. ಮೇಷ್ಟ್ರು ಅವರ ಕಿವಿಯಲ್ಲಿ, "ನನ್ನ ವಿದ್ಯಾರ್ಥಿನಿ" ಅಂದದ್ದು ಮೈಕಿನಲ್ಲೇ ಕೇಳಿಸಿತು. ಹಿಂದಿನ ಸಾಲಿನಲ್ಲಿ ಅಪ್ಪನ ಕುರ್ಚಿ ಖಾಲಿ ಇತ್ತು. ಅದನ್ನು ನೋಡಿಯೂ ನಾನು ಓದುವುದನ್ನು ನಿಲ್ಲಿಸಲಿಲ್ಲ. ಅಲ್ಲೇ ಆ ಹೊತ್ತಿನಲ್ಲೇ ನನ್ನ ಪ್ರಬಂಧಕ್ಕೆ ಮೊದಲ ದರ್ಜೆ ಅಂತ ಘೋಷಣೆಯಾಯಿತು. ಉಳಿದ ಐದು ಪ್ರಬಂಧಗಳನ್ನು ಮಧ್ಯಾಹ್ನಕ್ಕೆ ಬಿಟ್ಟು, ಸಭೆ ಎದ್ದು ಊಟದ ಸಾಲಿನ ಕಡೆ ಹೊರಟಿತು.

ನಾನು ಗೇಟಿಗೆ ಹೋದೆ. ಅತಿಥಿಗಳನ್ನು ಬೀಳ್ಕೊಡುವಾಗಲೂ ಮಂಗಳವಾದ್ಯ ಬೇಕು ಅಂತ ಹೇಳಿದ್ದರಿಂದ ತಾತ ಚಾಪೆಯ ಮೇಲೇ ಕೂತಿದ್ದರು. ಪಕ್ಕದಲ್ಲಿ ಅಪ್ಪ. ಅಪ್ಪ ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಾತನೇ ಮಾತಾಡಿಸಿದರು. "ಪೂರ್ತಿ ಓದಿದೆಯಾ? ಮಧ್ಯದಲ್ಲಿ ಯಾರೂ ನಿಲ್ಲಿಸಲಿಲ್ಲ ತಾನೇ?"

ಕುಟುಕಲು ಕೇಳಿದ್ದಲ್ಲ. ಅವರಿಗೆ ಹಾಗೆ ಮಾತಾಡಲು ಬರುತ್ತಲೇ ಇರಲಿಲ್ಲ. "ಇಲ್ಲ ತಾತಾ. ಪೂರ್ತಿ ಓದಿದೆ" ಅಂದೆ.

"ಎಲ್ಲರೂ ಸುಮ್ಮನೆ ಕೂತು ಕೇಳಿದರಾ?"

"ಕೇಳಿದರು."

ತಾತ ಸಂತೋಷದಿಂದ ತಲೆಯಾಡಿಸಿದರು. ಆಮೇಲೆ ಊದಿದ ಕೆನ್ನೆಗೆ ಕೈಯಿಟ್ಟುಕೊಂಡು, ನಾನು ಬೇರೆ ದೇಶ ನೋಡಿಕೊಂಡು ಬಂದವಳೇನೋ ಅನ್ನುವ ಹಾಗೆ ನನ್ನ ಮುಖ ನೋಡಿ, "ಹೇಗಿರುತ್ತೆ ತಲ್ಲೀ ಅದು?" ಅಂತ ಕೇಳಿದರು.

"ಚೆನ್ನಾಗಿರುತ್ತೆ ತಾತಾ" ಅಂದೆ. ಸುಳ್ಳು ಹೇಳಲಿಲ್ಲ. ತುಂಬ ಚೆನ್ನಾಗಿತ್ತು.